ಮೈನಸ್ಸಿನ ಲೆಕ್ಕ

“ಬಂತು! ಮೈನಸ್ 12ಕ್ಕೆ ಬಂತು!” ವಿನಾಯಕ ಲಾಟರಿ ಹೊಡೆದವನ ಹಾಗೆ ಕೂಗಿದ.

“ಅಷ್ಟು ನಷ್ಟವಾ ತಮಾ?” ಸುಬ್ರಾಯಣ್ಣ ಎಲೆಯಡಿಕೆ ಕವಳದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಅಡಕೊತ್ತು ಕಟಕ್ ಎಂದಿತು.

ಶಿರಸಿ ಕಡೆ ಈಗ ಮನೆಗೊಂದು ಪಾಡ್‌ಕಾಸ್ಟ್. ಹೊರಗೆ ಆಷಾಢದ ಮಳೆ. ಮಳೆ ಬಿಟ್ಟ ಹೊತ್ತಿಗೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಬೇಕಾದ ಹುಡುಗ, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿದ ಹಾಗೆ ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿ ಕೂತಿದ್ದ.

“ಇದು ನಷ್ಟ ಅಲ್ಲ, ಡೆಸಿಬೆಲ್, ದನಿಯ ಅಳತೆ. ಕಂಪ್ಯೂಟರಿಗೆ ಸೊನ್ನೆಯೇ ಸೂರು, ಎಲ್ಲ ಲೆಕ್ಕ ಅದರ ಕೆಳಗೆ. ಜೋರಾಗಿ ಮಾತಾಡಿದಾಗ ಮೈನಸ್ 12ರಿಂದ ಮೈನಸ್ 6ರ ಒಳಗಿದ್ದರೆ ಚೆಂದ. ಸೊನ್ನೆಗೆ ತಾಗಿದರೆ ದನಿ ಒಡೆಯುತ್ತದೆ.”

“ನನ್ನ ಸೊಸೈಟಿ ಖಾತೆ ತೆರೆದ ದಿನದಿಂದ ಮೈನಸ್ಸಿನಲ್ಲೇ ಇದೆ. ಒಮ್ಮೆಯೂ ದನಿ ಒಡೆದದ್ದಿಲ್ಲ.”

ಮಾಸ್ತರಿಗೆ ಗಣಿತ ಬೇಕು. “12ಕ್ಕೂ 6ಕ್ಕೂ ಎಷ್ಟು ವ್ಯತ್ಯಾಸ?”

“ಅಲೆಯ ಎತ್ತರ ದುಪ್ಪಟ್ಟು, ಮಾಸ್ತರೇ. ಪ್ರತಿ 6ಕ್ಕೂ ಹಾಗೇ.”

“ಚಕ್ರಬಡ್ಡಿ!” ಸುಬ್ರಾಯಣ್ಣ ಖುಷಿಪಟ್ಟ. ಕಟಕ್.

“ಸಾಫ್ಟ್‌ವೇರ್ ಯಾವುದು?”

“ಆಡಾಸಿಟಿ. 2000ದಲ್ಲಿ ಬಂದದ್ದು. ಪುಕ್ಕಟೆ.”

“ಆ ಶಬ್ದದ ಅರ್ಥ ಭಂಡಧೈರ್ಯ,” ಅಂದರು ಮಾಸ್ತರು.

“ಪಾಡ್‌ಕಾಸ್ಟಿಗೆ ಮುಖ್ಯವಾಗಿ ಬೇಕಾದದ್ದೇ ಅದು,” ಅಂದ ಸುಬ್ರಾಯಣ್ಣ. “ಮೊದಲು ಮನೆಗೊಬ್ಬ ತಾಳಮದ್ದಲೆಯಲ್ಲಿ ಪಾತ್ರದ ಮಾತು ಹೇಳುವ ಅರ್ಥಧಾರಿ ಇದ್ದ, ಮೈಕ್ ಇರಲಿಲ್ಲ. ಈಗ ಮೊಮ್ಮಗನ ಹತ್ತಿರ ಮೈಕ್ ಇದೆ.”

ವಿನಾಯಕ ಕೇಳದವನ ಹಾಗೆ ಮಾಡಿದ. ಮಳೆಯ ಸದ್ದು ತೆಗೆಯಲಿಕ್ಕೆ ಮೊದಲು ಬರೀ ಮಳೆಯ ಮಾದರಿ ಕೊಡಬೇಕಂತೆ. ಅದಕ್ಕೆ ಎಲ್ಲರೂ ಐದು ಸೆಕೆಂಡ್ ಬಾಯಿ ಮುಚ್ಚಬೇಕು. ಮೂರು ಸಲ ಪ್ರಯತ್ನ ಆಯಿತು. ಎರಡು ಸಲ ಮಾಸ್ತರು “ಶುರುವಾಯ್ತಾ?” ಎಂದು ಕೇಳಿದರು. ಮೂರನೇ ಸಲ ನಾನೇ ಸೀನಿದೆ.

“ಅಪ್ಪಯ್ಯನ ಟೇಪ್‌ರೆಕಾರ್ಡರಿನಲ್ಲಿ ಸೊನ್ನೆಯ ಆಚೆಗೂ ಜಾಗ ಇತ್ತು,” ಅಂದ ಸುಬ್ರಾಯಣ್ಣ. “ಕೌರವನ ಅರ್ಥ ಹೇಳುವಾಗ ಮುಳ್ಳು ಸೀದಾ ಕೆಂಪಿಗೆ. ಪ್ಲಸ್ 3! ಆದರೂ ಕ್ಯಾಸೆಟ್ ಎಂತದೂ ಅನ್ನುತ್ತಿರಲಿಲ್ಲ.”

“ಟೇಪು ಸ್ವಲ್ಪ ಸೈರಿಸಿಕೊಳ್ಳುತ್ತದೆ, ಮೆಲ್ಲಗೆ ಕೆಡುತ್ತದೆ. ಕಂಪ್ಯೂಟರ್ ಸೊನ್ನೆಯ ಮೇಲಿನದನ್ನು ಕಡಿದೇ ಬಿಡುತ್ತದೆ. ಆಮೇಲೆ ವಾಲ್ಯೂಮ್ ತಗ್ಗಿಸಿದರೂ ಕಡಿದದ್ದು ಬರುವುದಿಲ್ಲ.”

“ಹಾಗಾದರೆ ಕೌರವ ಇದಕ್ಕೆ ಆಗುವ ಪಾತ್ರವೇ ಅಲ್ಲ. ಧರ್ಮರಾಯನನ್ನು ಕೂರಿಸು.” ಕಟಕ್.

ಚಾ ಬಂತು. ವಿನಾಯಕ ಅಷ್ಟು ಹೊತ್ತಿನ ರೆಕಾರ್ಡಿಂಗ್ ಹಾಕಿದ. ಮಾಸ್ತರು ಬಾವಿಯೊಳಗಿಂದ ಮಾತಾಡುತ್ತಿದ್ದರು. ನನ್ನ ಮಾತು ಗೋಡೆಯಾಚೆ. ಅಡಕೊತ್ತು ಮಾತ್ರ ಕಿವಿಯ ಪಕ್ಕದಲ್ಲೇ ಕಟಕ್, ಕಟಕ್, ಪ್ರತಿ ಸಲವೂ ಸರಿಯಾಗಿ ಮೈನಸ್ 12ಕ್ಕೆ.

ಹುಡುಗ ಪರದೆಗೆ ಮೂಗು ತಾಗಿಸಿ ನೋಡಿದ. ಸಾಫ್ಟ್‌ವೇರಿನಲ್ಲಿ ಹೊಸ ಮೈಕನ್ನು ಆಯ್ಕೆ ಮಾಡಿಯೇ ಇರಲಿಲ್ಲ. ಕೇಳಿಸಿಕೊಂಡದ್ದೆಲ್ಲ ಲ್ಯಾಪ್‌ಟಾಪಿನ ಒಳಗಿನ ಮೈಕು. ಲ್ಯಾಪ್‌ಟಾಪು ಇದ್ದದ್ದು ಕವಳದ ಬಟ್ಟಲಿನ ಪಕ್ಕ. ಟೊಪ್ಪಿ ಹಾಕಿಕೊಂಡ ಮೈಕು ಎರಡು ತಾಸು ಸುಮ್ನೆ ನಿಂತಿತ್ತು.

“ಅಳಿಸಿಬಿಡ್ತೇನೆ.”

“ತಡಿ.” ಸುಬ್ರಾಯಣ್ಣ ಅಡಕೊತ್ತು ಕೆಳಗಿಟ್ಟ. “ಇನ್ನೊಂದು ಸಲ ಹಾಕು.”

ಹಾಕಿದ. ಕಟಕ್. ಹಿಂದೆ ಮಳೆ.

“ಅಪ್ಪಯ್ಯನ ಕ್ಯಾಸೆಟ್ಟಿನಲ್ಲೂ ಹೀಗೇ ಮಾರಾಯ. ಕೌರವ ಎಲ್ಲೋ ದೂರ. ಹತ್ತಿರ ಕೇಳುವುದು ಆಯಿಯ ಅಡಕೊತ್ತು.”