ಭಾನುವಾರದ ಪ್ರಶ್ನೋತ್ತರ: ಮಲೇರಿಯಾ ಮತ್ತೆ ಬಂತು

(ಹುಬ್ಬಳ್ಳಿಯ ನಮ್ಮ ಬಡಾವಣೆ ಗುಂಪು. ಉತ್ತರ ಕೊಡುವವರು ಲ್ಯಾಬ್ ಡಾಕ್ಟರ್ ಮೇಡಂ.)

ನವನಗರದ ಅಕ್ಕ: ಮೇಡಂ, ಮಗನಿಗೆ ಮಂಗಳೂರಿನಲ್ಲಿ ವೈವ್ಯಾಕ್ಸ್ ಮಲೇರಿಯಾ ಬಂದು ವಾಸಿಯಾಗಿತ್ತು. ಊರಿಗೆ ಬಂದು ಎರಡು ತಿಂಗಳು. ನಿನ್ನೆಯಿಂದ ಮತ್ತೆ ಚಳಿಜ್ವರ. ಇಲ್ಲಿಯ ಸೊಳ್ಳೆ ಕಚ್ಚಿತಾ?

ಡಾಕ್ಟರ್: ಪ್ರೈಮಾಕ್ವಿನ್ ಎಷ್ಟು ದಿನ ತಗೊಂಡ?

ನವನಗರದ ಅಕ್ಕ: ಐದು ದಿನ. ಜ್ವರ ಇಳೀತು, ಗುಳಿಗೆ ಉಷ್ಣ ಅಂತ ಬಿಟ್ಟ. ಒಂಬತ್ತು ಗುಳಿಗೆ ಹಾಗೇ ಅವನ ಬ್ಯಾಗಿನಲ್ಲಿವೆ.

ಡಾಕ್ಟರ್: ಅದು ಯಕೃತ್ತಿನಲ್ಲಿ ಅಡಗಿದ ಮಲೇರಿಯಾ ಜಂತು (ಕಣ್ಣಿಗೆ ಕಾಣದ ರೋಗಾಣು) ಕೊಲ್ಲುವ ಗುಳಿಗೆ, 14 ದಿನದ ಕೋರ್ಸ್ ಅಕ್ಕ. ರಕ್ತದಲ್ಲಿದ್ದ ಜಂತು ಸತ್ತಿದೆ, ಯಕೃತ್ತಿನಲ್ಲಿ ಮಲಗಿದ್ದು ಸತ್ತಿಲ್ಲ. ಈಗ ಎದ್ದಿರಬಹುದು. ಇವತ್ತೇ ರಕ್ತಲೇಪ (ರಕ್ತದ ಹನಿಯಲ್ಲಿ ಜಂತು ಹುಡುಕುವ ಪರೀಕ್ಷೆ) ಮಾಡಿಸಿ, ಜೊತೆಗೆ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ. ಆ ಕಿಣ್ವ ಕಡಿಮೆ ಇದ್ದವರಿಗೆ ಪ್ರೈಮಾಕ್ವಿನ್ ರಕ್ತಕಣ ಒಡೆಯುತ್ತದೆ.

ಹಳೇ ಹುಬ್ಬಳ್ಳಿ ಅಣ್ಣ: ಪಪ್ಪಾಯಿ ಎಲೆ ರಸ ಮೂರು ದಿನ ಕುಡಿಸಿ, ಬುಡಸಮೇತ ಹೋಗುತ್ತೆ. ಫಾರ್ವರ್ಡ್ ಬಂದಿದೆ.

ಡಾಕ್ಟರ್: ಹೋಗಲ್ಲ.

ಧಾರವಾಡದ ಎಂ.ಎಸ್ಸಿ. ಹುಡುಗ: ಮೇಡಂ, ಜಂತು ಒಂದೇ, ಜೀನ್‌ಗಳೂ ಅವೇ. ಮತ್ತೆ ರಕ್ತದಲ್ಲಿ ಒಂದು ರೂಪ, ಸೊಳ್ಳೆಗೆ ಹೋಗೋಕೆ ಇನ್ನೊಂದು ರೂಪ ಹೇಗೆ? ಹಿಸ್ಟೋನ್ ಕೆಲಸವಾ?

ಡಾಕ್ಟರ್: ಅಂತೂ ಒಂದು ಒಳ್ಳೆ ಪ್ರಶ್ನೆ! ಡಿಎನ್‌ಎ ದಾರ ಅಂದುಕೋ, ಹಿಸ್ಟೋನ್ ಅದರ ರೀಲು. ರೀಲಿನ ಮೇಲೆ ಸಣ್ಣ ರಾಸಾಯನಿಕ ಗುರುತು ಬೀಳುತ್ತವೆ. ಅಸಿಟೈಲ್ ಬಿದ್ದರೆ ಸುತ್ತು ಸಡಿಲ, ಜೀನ್ ಓದಲು ಸಿಗುತ್ತೆ. ಎಚ್3 ಎಂಬ ಹಿಸ್ಟೋನಿನ 9ನೇ ಸ್ಥಾನದಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಮೂರು ಮೀಥೈಲ್ ಗುರುತು ಅಂಟಿದರೆ ಎಚ್‌ಪಿ1 ಎಂಬ ಪ್ರೋಟೀನ್ ಬಂದು ಕೂರುತ್ತೆ, ಜೀನ್ ಬಂದ್. ಫಾಲ್ಸಿಪಾರಮ್ ಎಂಬ ಇನ್ನೊಂದು ಮಲೇರಿಯಾ ಜಂತುವಿನಲ್ಲಿ ಅದಕ್ಕೆ ವೇಷ ಕೊಡುವ ವಾರ್ ಜೀನ್‌ಗಳು ಸುಮಾರು 60. ಒಂದು ಸಲಕ್ಕೆ ಒಂದೇ ತೆರೆದಿರುತ್ತೆ, ಉಳಿದವಕ್ಕೆಲ್ಲ ಈ ಬೀಗ. ನಮ್ಮ ದೇಹ ಒಂದು ವೇಷ ಗುರುತು ಹಿಡಿಯುವಷ್ಟರಲ್ಲಿ ಕೆಲವು ಜಂತು ಬೇರೆ ವೇಷ ಕಟ್ಟಿರುತ್ತವೆ. ಥೇಟ್ ಬಯಲಾಟ!

ಎಪಿ2-ಜಿ ಎಂಬ ಜೀನಿಗೂ ಅದೇ ಬೀಗ. ಕೆಲವೇ ಜಂತುಗಳಲ್ಲಿ ತೆರೆಯುತ್ತೆ. ಅವು ಗ್ಯಾಮೀಟೋಸೈಟ್ (ಜಂತುವಿನ ಗಂಡು-ಹೆಣ್ಣು ರೂಪ) ಆಗುತ್ತವೆ, ಬಲಿಯಲು 10-12 ದಿನ ಬೇಕು, ಸೊಳ್ಳೆಗೆ ಹೋಗುವುದು ಅವೇ. 2014ರ ಪ್ರಯೋಗದಲ್ಲಿ ಎಚ್‌ಪಿ1 ಕಡಿಮೆ ಮಾಡಿದಾಗ ವಾರ್ ಬೀಗಗಳು ಒಟ್ಟಿಗೆ ಕಳಚಿದವು, ಜಂತುಗಳು ಗುಂಪುಗುಂಪಾಗಿ ಗ್ಯಾಮೀಟೋಸೈಟ್ ಆದವು.

ಕೇಶ್ವಾಪುರ ಕಾಕಾ: ಪಪ್ಪಾಯಿ ರಸ ಎಷ್ಟು ಚಮಚ ಕುಡಿಬೇಕು?

ಡಾಕ್ಟರ್: ಮೇಲೆ ಓದಿ.

ಗೋಕುಲ ರೋಡ್ ಅಣ್ಣ: ಮೊದಲು ಗಟಾರ ಬಳಿಯಲಿ. ಸೊಳ್ಳೆ ಅಲ್ಲಿಂದಲೇ.

ವಿದ್ಯಾನಗರದ ಅಕ್ಕ: ಮಲೇರಿಯಾ ಸೊಳ್ಳೆ ಗಟಾರದ್ದಲ್ಲ, ಚೊಕ್ಕ ನೀರಿಂದು. ನಿಮ್ಮ ಡ್ರಮ್ಮಿಗೆ ಮುಚ್ಚಳ ಇದೆಯಾ ನೋಡಿ.

ಗೋಕುಲ ರೋಡ್ ಅಣ್ಣ: ನಲ್ಲಿ ನೀರು ದಿನಾ ಬಂದರೆ ಡ್ರಮ್ ಯಾಕೆ ತುಂಬಿಸುತ್ತಿದ್ದೆವು?

ವಿದ್ಯಾನಗರದ ಅಕ್ಕ: ನೀರು ಬರದಿದ್ದರೆ ಮುಚ್ಚಳ ಹಾಕಬಾರದು ಅಂತ ಯಾರು ಹೇಳಿದ್ದು?

ಉಣಕಲ್ ತಮ್ಮ: ಮೇಡಂ, ನಮ್ಮಜ್ಜಿಯ ಪ್ಲೇಟ್‌ಲೆಟ್ ರಿಪೋರ್ಟ್ ಹಾಕಲಾ?

ಹಳೇ ಹುಬ್ಬಳ್ಳಿ ಅಣ್ಣ: ರಸ ಸುಳ್ಳಾದರೆ ಲಕ್ಷ ಜನ ಯಾಕೆ ಕಳಿಸ್ತಾರೆ?

ಡಾಕ್ಟರ್: ಕಳಿಸೋದಕ್ಕೆ ಬೆರಳು ಸಾಕು ಅಣ್ಣ. ಇನ್ನೊಂದು ರಸ ಬಂದರೆ ನಾನು ಗುಂಪು ಬಿಡ್ತೀನಿ.

ಗೋಕುಲ ರೋಡ್ ಅಣ್ಣ: ಮುಚ್ಚಳ ನೀವೇ ಕೊಡಿಸಿ ಅಕ್ಕಾ.

ನವನಗರದ ಅಕ್ಕ: ಮೇಡಂ, ರಕ್ತಲೇಪದಲ್ಲಿ ವೈವ್ಯಾಕ್ಸ್ ಅಂತ ಬಂತು. ಜಿ6ಪಿಡಿ ರಿಪೋರ್ಟ್ ಸಂಜೆಗೆ. ಅಲ್ಲಿವರೆಗೆ ಆ ಒಂಬತ್ತು ಗುಳಿಗೆ ಶುರು ಮಾಡಲಾ?

ಡಾಕ್ಟರ್: ಬೇಡ. ರಿಪೋರ್ಟ್ ತಗೊಂಡು ಅವನನ್ನೂ ಕರಕೊಂಡು ನಿಮ್ಮ ಡಾಕ್ಟರ ಹತ್ರ ಹೋಗಿ. ರಕ್ತದ ಜಂತಿಗೆ ಔಷಧ ಇವತ್ತೇ ಶುರು ಆಗಬೇಕು. ಪ್ರೈಮಾಕ್ವಿನ್ ರಿಪೋರ್ಟ್ ನೋಡಿದ ಮೇಲೆ, ಮೊದಲನೇ ದಿನದಿಂದ.