ಸಹಾಯ ಬೇಕು: ಡೇಕೇರ್ ಅಡುಗೆಮನೆಯ ಮರುತಪಾಸಣೆ

ನಮ್ಮ ಡೇಕೇರ್ ಅಡುಗೆಮನೆಯ ಪರವಾನಗಿ ಈಗ ಎರಡು ಅಂಶಗಳ ಮೇಲೆ ನಿಂತಿದೆ. ತಪಾಸಣೆ ದಾಟಿದವರು ದಯವಿಟ್ಟು ಹೇಳಿ.

ಮೊದಲನೆಯದು, ತಣಿಸುವುದು. ಬೇಯಿಸಿದ ಆಹಾರ 60 ಡಿಗ್ರಿಯಿಂದ 21ಕ್ಕೆ 2 ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ 4 ಗಂಟೆಯೊಳಗೆ ಇಳಿಯಬೇಕೆಂಬ ಮಿತಿಯನ್ನು ತಪಾಸಕರು ಕೊಟ್ಟಿದ್ದಾರೆ. ಆಳದ ಪಾತ್ರೆಯಲ್ಲಿ ಅಂಚು ಬೇಗ ತಣಿದರೂ ನಡುಭಾಗ ಬಿಸಿಯಾಗೇ ಉಳಿಯುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ. ಅಗಲದ ಟ್ರೇನಲ್ಲಿ 5 ಸೆಂ.ಮೀ. ಮೀರದಂತೆ ಹರಡಿ, ಐಸ್ ನೀರಿನ ಮೇಲಿಟ್ಟು ಕಲಕಿದರೆ ಮೊದಲ ಹಂತ ಸುಲಭ. ತೊಂದರೆ ಎರಡನೆಯ ಹಂತದಲ್ಲಿ, ಫ್ರಿಜ್‌ನೊಳಗೆ: ಬಿಗಿಯಾಗಿ ಮುಚ್ಚಿದರೆ ಬಿಸಿ ಹೋಗುವುದಿಲ್ಲ, ಮುಚ್ಚದಿದ್ದರೆ ಮೇಲಿನ ಶೆಲ್ಫಿನಿಂದ ಏನಾದರೂ ತೊಟ್ಟಿಕ್ಕುವ ಭಯ. ಎಲ್ಲಕ್ಕಿಂತ ಮೇಲಿನ ಶೆಲ್ಫಿನಲ್ಲಿ ಸಡಿಲ ಮುಚ್ಚಳ ಹಾಕಿಟ್ಟರೆ ಒಪ್ಪುತ್ತಾರೆಯೇ? ತಾಪಮಾನ ಎಷ್ಟು ಹೊತ್ತಿಗೊಮ್ಮೆ ಬರೆದಿಡುತ್ತೀರಿ? (ಥರ್ಮಾಮೀಟರ್ ಐಸ್ ನೀರಿನಲ್ಲಿ 0 ತೋರಿಸುತ್ತಿದೆ, ದೋಷ ಅದರದ್ದಲ್ಲ.)

ಎರಡನೆಯದು ಸಿಂಕ್. ಡೈಪರ್ ಬದಲಿಸುವ ಜಾಗದ ಸಿಂಕನ್ನು ಅಡುಗೆಗೆ ಬಳಸುವಂತಿಲ್ಲ, ಅದು ನ್ಯಾಯವೇ. ಆದರೆ ಎರಡೂ ಸಿಂಕ್‌ಗಳು ಒಂದೇ ಗೋಡೆಯ ಆಚೆ ಈಚೆ ಇದ್ದು, ಡ್ರೈನ್ ಪೈಪ್ ಒಂದೇ ಆದರೆ? ಅಡುಗೆಮನೆಯ ನಕ್ಷೆಯಲ್ಲಿ ಇದನ್ನು ಹೇಗೆ ತೋರಿಸಿದಿರಿ? ಒಪ್ಪಿಗೆಯಾದ ನಕ್ಷೆಯ ಫೋಟೋ, ವಿಳಾಸ ಅಳಿಸಿ, ಹಾಕಿದರೆ ಇನ್ನೂ ಒಳ್ಳೆಯದು.