ಅಳಿಸಿದ ಪಾಸ್‌ವರ್ಡ್ ಮೆಮೊರಿಯಲ್ಲಿ ಇನ್ನೂ ಹೇಗೆ ಉಳಿದಿದೆ?

ಪ್ರಶ್ನೆ (ತುಮಕೂರಿನಿಂದ)

ನಮಸ್ಕಾರ. ಹನ್ನೊಂದು ವರ್ಷಗಳಿಂದ ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುತ್ತಿದ್ದೇನೆ. ಸಿ ಶಾರ್ಪ್‌ನಲ್ಲಿ ಬರೆದದ್ದು, ವಿಂಡೋಸ್ ಮೇಲೆ ನಡೆಯುತ್ತದೆ. ಕಳೆದ ವಾರ ಒಂದು ಸಂಘದವರು ಭದ್ರತೆಯ ಪರೀಕ್ಷೆಗೆಂದು ಹೊರಗಿನಿಂದ ಪರೀಕ್ಷಕಿಯೊಬ್ಬರನ್ನು ಕರೆಸಿದ್ದರು. ಅವರು ದೊಡ್ಡ ಉಪಕರಣವನ್ನೇನೂ ತೆರೆಯಲಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ನನ್ನ ಪ್ರೋಗ್ರಾಮಿನ ಹೆಸರನ್ನು ಹುಡುಕಿ, ಮೌಸಿನ ಬಲಗುಂಡಿ ಒತ್ತಿ, ಮೆಮೊರಿಯ ಡಂಪ್ ಕಡತ, ಅಂದರೆ ಆ ಹೊತ್ತಿನ ಮೆಮೊರಿಯ ನಕಲು, ತೆಗೆದರು. ಅದನ್ನು ತಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಡತದಿಂದ ಓದಬಲ್ಲ ಪಠ್ಯವನ್ನು ಹೆಕ್ಕುವ ಸ್ಟ್ರಿಂಗ್ಸ್ ಎಂಬ ಪುಟ್ಟ ಆಜ್ಞೆಯನ್ನು ಓಡಿಸಿದರು. ಗುಮಾಸ್ತರ ಪಾಸ್‌ವರ್ಡ್ ನಾಲ್ಕು ಕಡೆ ಸಿಕ್ಕಿತು. ಗುಮಾಸ್ತರು ಲಾಗಿನ್ ಆಗಿದ್ದು ಬೆಳಿಗ್ಗೆ ಹತ್ತಕ್ಕೆ. ಆಗ ಮಧ್ಯಾಹ್ನ ಮೂರು ಗಂಟೆ.

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನನಗೆ ಮಾತೇ ಹೊರಡಲಿಲ್ಲ.

ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡಿದ ಕೂಡಲೇ ಅದನ್ನು ಹಿಡಿದಿಟ್ಟ ಚರಾಂಶಕ್ಕೆ ನಲ್ (ಏನೂ ಇಲ್ಲ ಎಂಬ ಬೆಲೆ) ಕೊಡುತ್ತೇನೆ, ಮೇಲಿಂದ ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅನ್ನೂ ಕರೆಯುತ್ತೇನೆ. ಆದರೂ ಹೇಗೆ ಉಳಿಯಿತು? ಇನ್ನೂ ಒಂದು ಸಂಶಯ. ಡಂಪ್ ತೆಗೆಯಬಲ್ಲವನು ಹೇಗೂ ಆ ಯಂತ್ರದ ಯಜಮಾನನೇ ಅಲ್ಲವೇ, ಅವನಿಂದ ಬಚ್ಚಿಟ್ಟು ಪ್ರಯೋಜನವೇನು? ಪಾಸ್‌ವರ್ಡ್ ಮರೆತವರಿಗೆ ಕೇಳುವ ಗುಟ್ಟಿನ ಉತ್ತರವನ್ನು ಗುಮಾಸ್ತರು ಕನ್ನಡದಲ್ಲಿ ಬರೆದಿದ್ದಾರೆ. ಅದು ಮಾತ್ರ ಸಿಗಲಿಲ್ಲ. ಕನ್ನಡದಲ್ಲಿದ್ದರೆ ಸುರಕ್ಷಿತ ಎಂದುಕೊಳ್ಳಬಹುದೇ?

ಉತ್ತರ 1 (ಭದ್ರತಾ ಪರೀಕ್ಷಕಿ, ಬೆಂಗಳೂರು)

ಸರ್, ನಿಮಗಾದದ್ದು ನನ್ನ ಕೆಲಸದಲ್ಲಿ ಪ್ರತಿ ತಿಂಗಳೂ ಕಾಣುವ ಸಂಗತಿ. ದಯವಿಟ್ಟು ಎದೆಗುಂದಬೇಡಿ.

ಸಿ ಶಾರ್ಪ್ ಪ್ರೋಗ್ರಾಮುಗಳು ಓಡುವ ಡಾಟ್‌ನೆಟ್‌ನಲ್ಲಿ ಸ್ಟ್ರಿಂಗ್, ಅಂದರೆ ಪಠ್ಯದ ತುಣುಕು, ಒಮ್ಮೆ ಹುಟ್ಟಿದರೆ ಬದಲಾಗುವುದಿಲ್ಲ. ನಲ್ ಕೊಟ್ಟಾಗ ನೀವು ಹರಿದುಹಾಕಿದ್ದು ಮನೆಯ ವಿಳಾಸವನ್ನು; ಮನೆ ಅಲ್ಲೇ ನಿಂತಿರುತ್ತದೆ. ಕಲೆಕ್ಟರ್ ಆ ಜಾಗವನ್ನು ಖಾಲಿ ಎಂದು ಗುರುತು ಹಾಕಿಕೊಂಡರೂ, ಬೇರೆ ದತ್ತಾಂಶ ಬಂದು ಕೂರುವವರೆಗೆ ಹಳೆಯ ಬೈಟುಗಳು ಹಾಗೆಯೇ ಬಿದ್ದಿರಬಹುದು. ಜಾಗವನ್ನು ಒತ್ತಟ್ಟಿಗೆ ತರಲು ಅದು ವಸ್ತುಗಳನ್ನು ಸರಿಸಿದಾಗ ಹಳೆಯ ಪ್ರತಿ ಹಿಂದೆಯೇ ಉಳಿಯುವುದೂ ಉಂಟು. ಜೊತೆಗೆ ನೀವು ಪಾಸ್‌ವರ್ಡ್ ಪಡೆದ ಪಠ್ಯಪೆಟ್ಟಿಗೆ ತನ್ನದೇ ಪ್ರತಿ ಇಟ್ಟುಕೊಂಡಿರುತ್ತದೆ. ನಾಲ್ಕೇ ಸಿಕ್ಕಿದ್ದು ಕಡಿಮೆಯೇ.

ಕೀಪಾಸ್ ಎಂಬ ತಂತ್ರಾಂಶದ ಕಥೆ ಕೇಳಿ. ಪಾಸ್‌ವರ್ಡ್‌ಗಳನ್ನು ಕಾಪಾಡುವುದೇ ಅದರ ಕಸುಬು, ಅದಕ್ಕೆಂದೇ ತಾವೇ ಕಟ್ಟಿದ ಪಠ್ಯಪೆಟ್ಟಿಗೆಯೂ ಅದರಲ್ಲಿದೆ. 2023ರಲ್ಲಿ ಅದರಲ್ಲಿಯೇ ದೋಷ ಸಿಕ್ಕಿತು, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2023-32784. ಒಂದೊಂದು ಅಕ್ಷರ ಒತ್ತಿದಾಗಲೂ ಒಂದೊಂದು ತುಣುಕು ಮೆಮೊರಿಯಲ್ಲಿ ಉಳಿಯುತ್ತಿತ್ತು: ಒಂದು ಚುಕ್ಕೆ ಮತ್ತು ಎರಡನೆಯ ಅಕ್ಷರ, ಎರಡು ಚುಕ್ಕೆ ಮತ್ತು ಮೂರನೆಯ ಅಕ್ಷರ, ಹೀಗೆ. ಚುಕ್ಕೆಗಳನ್ನು ಎಣಿಸಿ ಜೋಡಿಸಿದರೆ ಮೊದಲ ಅಕ್ಷರವೊಂದನ್ನು ಬಿಟ್ಟು ಮುಖ್ಯ ಪಾಸ್‌ವರ್ಡ್ ಪೂರ್ತಿ ಸಿಗುತ್ತಿತ್ತು. 2.54ನೆಯ ಆವೃತ್ತಿಯಲ್ಲಿ ಸರಿಪಡಿಸಿದರು.

ಯಂತ್ರದ ಯಜಮಾನನ ಬಗ್ಗೆ ಕೇಳಿದಿರಿ. ಅಲ್ಲಿ ನಿಮ್ಮ ಎಣಿಕೆ ತಪ್ಪು. ಸಾಮಾನ್ಯವಾಗಿ ತನ್ನದೇ ಖಾತೆಯಲ್ಲಿ ಓಡುತ್ತಿರುವ ಪ್ರೋಗ್ರಾಮಿನ ಡಂಪ್ ತೆಗೆಯಲು ಆಡಳಿತಾಧಿಕಾರ ಬೇಕಿಲ್ಲ. ಗುಮಾಸ್ತರು ತೆರೆದ ಕೆಟ್ಟದೊಂದು ಇಮೇಲ್ ಕಡತವೂ ಅದೇ ಕೆಲಸ ಮಾಡಬಲ್ಲದು. ಆಡಳಿತಾಧಿಕಾರ ಇದ್ದರಂತೂ ವಿಂಡೋಸ್‌ನ ಪಾಸ್‌ವರ್ಡ್‌ಗಳೇ ಬಯಲಾಗುತ್ತವೆ. ಫ್ರಾನ್ಸಿನ ಬೆಂಜಮಿನ್ ಡೆಲ್ಪಿ 2011ರಲ್ಲಿ ಹೊರತಂದ ಮಿಮಿಕಾಟ್ಜ್ ಎಂಬ ಉಪಕರಣ ತೋರಿಸಿಕೊಟ್ಟದ್ದು ಇದನ್ನೇ. ಮತ್ತೆ ಮತ್ತೆ ಪಾಸ್‌ವರ್ಡ್ ಕೇಳಬಾರದೆಂದು ವಿಂಡೋಸ್ ಅದನ್ನು ಗೂಢಲಿಪಿಯಲ್ಲಿ ಇಟ್ಟುಕೊಳ್ಳುತ್ತಿತ್ತು, ಬಿಡಿಸುವ ಕೀಲಿಯನ್ನೂ ಅದೇ ಮೆಮೊರಿಯಲ್ಲಿ ಇಡುತ್ತಿತ್ತು. ವಿಂಡೋಸ್ 8.1ರಿಂದ ಆ ರೂಢಿಯನ್ನು ತಾನಾಗಿ ನಡೆಯದಂತೆ ನಿಲ್ಲಿಸಿದರು. ಹಳೆಯ ಆವೃತ್ತಿಗಳಿಗೆ ನಿಲ್ಲಿಸುವ ಸೌಲಭ್ಯ 2014ರಲ್ಲಿ ಬಂತು.

ಒಂದು ಕೆಲಸ ಮಾಡಿ. ಅದೇ ಡಂಪ್‌ನಲ್ಲಿ ಡೇಟಾಬೇಸ್‌ನ ಪಾಸ್‌ವರ್ಡ್ ಹುಡುಕಿ ನೋಡಿ. ನನಗೆ ಗುಮಾಸ್ತರದ್ದಕ್ಕಿಂತ ಅದರ ಭಯ ಹೆಚ್ಚು.

ಉತ್ತರ 2 (ಸಿ ಭಾಷೆಯವನು)

ಸಿ ಭಾಷೆಯಲ್ಲಿಯೂ ಇದು ಅಷ್ಟು ಸುಲಭವಲ್ಲ. ಮೆಮೊರಿಗೆ ಬೆಲೆ ತುಂಬುವ ಮೆಮ್‌ಸೆಟ್ ಬಳಸಿ ಸೊನ್ನೆ ತುಂಬಿಸಿದರೆ, ಮುಂದೆ ಆ ಜಾಗವನ್ನು ಯಾರೂ ಓದುವುದಿಲ್ಲ ಎಂದು ಕಂಡುಕೊಂಡ ಕಂಪೈಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಆ ಸಾಲನ್ನೇ ಕಿತ್ತುಹಾಕಬಹುದು. ಅದಕ್ಕೇ ಕಂಪೈಲರ್ ಕಿತ್ತುಹಾಕದಂಥ ಅಳಿಸುವ ಆಜ್ಞೆಗಳು, ವಿಂಡೋಸ್‌ನಲ್ಲಿ ಸೆಕ್ಯೂರ್ ಝೀರೋ ಮೆಮೊರಿ, ಲಿನಕ್ಸ್‌ನ ಸಿ ಗ್ರಂಥಾಲಯವಾದ ಜಿಲಿಬ್‌ಸಿ 2.25ರಿಂದ ಎಕ್ಸ್‌ಪ್ಲಿಸಿಟ್ ಬಿಝೀರೋ ಇವೆ. ಸಿ ಶಾರ್ಪ್‌ನಲ್ಲಿ ಗುಟ್ಟುಗಳಿಗೆಂದೇ ಇರುವ ಸೆಕ್ಯೂರ್‌ಸ್ಟ್ರಿಂಗ್ ಬಳಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಕೆಲಸಕ್ಕೆ ಅದು ಬೇಡವೆಂದು ಮೈಕ್ರೋಸಾಫ್ಟ್‌ನವರೇ ಬರೆದಿದ್ದಾರೆ. ಯಂತ್ರವನ್ನು ಹೈಬರ್ನೇಟ್ ಮಾಡಿದರೆ (ಇದ್ದ ಸ್ಥಿತಿ ಉಳಿಸಿ ಆರಿಸಿದರೆ) ಮೆಮೊರಿಯಲ್ಲಿರುವುದೆಲ್ಲ ಡಿಸ್ಕಿಗೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು

ಮೇಡಂ, ಹುಡುಕಿದೆ. ಡೇಟಾಬೇಸ್‌ಗೆ ಸಂಪರ್ಕದ ಸಾಲು ಇಡಿಯಾಗಿ ಸಿಕ್ಕಿತು. ಸರ್ವರ್ ಹೆಸರು, ಬಳಕೆದಾರ, ಪಾಸ್‌ವರ್ಡ್, ಎಲ್ಲವೂ ಒಂದೇ ಸಾಲಿನಲ್ಲಿ. ಹದಿನಾಲ್ಕು ಯಂತ್ರಗಳಲ್ಲಿಯೂ ಅದೇ ಪಾಸ್‌ವರ್ಡ್. ರಾತ್ರಿ ನಿದ್ದೆ ಬರಲಿಲ್ಲ. ರೈತರು ಹಾಲಿನ ಹಣ, ಅಡಿಕೆಯ ಹಣ ತಂದು ಇಡುವ ಸಂಘ ಇದು.

ಉತ್ತರ 1

ಹಾಗಾದರೆ ಅಳಿಸುವ ಉಪಾಯ ಹುಡುಕುವುದನ್ನು ಇಲ್ಲಿಗೆ ಬಿಡಿ. ಆ ಪಾಸ್‌ವರ್ಡ್ ಗುಮಾಸ್ತರ ಯಂತ್ರಕ್ಕೆ ಬರಲೇಬಾರದು. ನಡುವೆ ಒಂದು ಸೇವೆಯನ್ನು ಸರ್ವರ್‌ನಲ್ಲಿ ನಿಲ್ಲಿಸಿ, ಡೇಟಾಬೇಸ್‌ನೊಡನೆ ಅದೊಂದೇ ಮಾತಾಡಲಿ. ಗುಮಾಸ್ತರಿಗೆ ಲಾಗಿನ್ ಆದ ಮೇಲೆ ಕೆಲವೇ ಗಂಟೆ ಬಾಳುವ ಟೋಕನ್, ಅಂದರೆ ಪಾಸ್‌ವರ್ಡ್ ಬದಲಿಗೆ ತೋರಿಸುವ ತಾತ್ಕಾಲಿಕ ಗುರುತು, ಕೊಡಿ. ಆಗ ಡಂಪ್‌ನಲ್ಲಿ ಟೋಕನ್ ಸಿಕ್ಕರೂ ಸಂಜೆಯ ಹೊತ್ತಿಗೆ ಅದು ಸತ್ತಿರುತ್ತದೆ. ಈಗಿರುವ ಡೇಟಾಬೇಸ್ ಪಾಸ್‌ವರ್ಡ್ ಅನ್ನು ಇವತ್ತೇ ಬದಲಿಸಿ; ಆ ಡಂಪ್ ಕಡತ ಎಲ್ಲೆಲ್ಲಿ ನಕಲಾಗಿದೆಯೋ ಅಲ್ಲೆಲ್ಲ ಅಳಿಸಿ.

ಕನ್ನಡದ ಉತ್ತರವೂ ಸುರಕ್ಷಿತವಲ್ಲ. ಸ್ಟ್ರಿಂಗ್ಸ್ ಹುಡುಕುವುದು ಇಂಗ್ಲಿಷ್ ಅಕ್ಷರಗಳ ಸಾಲುಗಳನ್ನು, ಅದಕ್ಕೇ ಕಾಣಲಿಲ್ಲ. ಡಾಟ್‌ನೆಟ್ ಸ್ಟ್ರಿಂಗ್‌ನಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಎರಡು ಬೈಟ್, ಎರಡನೆಯ ಬೈಟ್ ಯಾವಾಗಲೂ 12. ‘ಕನ್ನಡ’ ಎಂದು ಬರೆದರೆ ಮೆಮೊರಿಯಲ್ಲಿ 149, 12, 168, 12, 205, 12, 168, 12, 161, 12 ಎಂದು ಕೂರುತ್ತದೆ. ನಡುವಿನ 205 ಒತ್ತಕ್ಷರ ಮಾಡುವ ಹಲಂತ. ಒಂದು ಬಿಟ್ಟು ಒಂದು 12 ಬರುವ ಸಾಲುಗಳನ್ನು ಹೆಕ್ಕಲು ಪೈಥಾನ್‌ನಲ್ಲಿ ಹತ್ತು ಸಾಲು ಬರೆದರೆ ಸಾಕು. ನಾನು ಬರೆದಿಟ್ಟುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು

ಮೂರು ವಾರವಾಯಿತು. ನಡುವಿನ ಸೇವೆ ಎರಡು ಶಾಖೆಗಳಲ್ಲಿ ಓಡುತ್ತಿದೆ. ನಿನ್ನೆ ನಾನೇ ಡಂಪ್ ತೆಗೆದು ಹುಡುಕಿದೆ. ಸಂಪರ್ಕದ ಸಾಲು ಇಲ್ಲ. ಗುಮಾಸ್ತರ ಪಾಸ್‌ವರ್ಡ್ ಒಂದು ಕಡೆ ಮಾತ್ರ ಸಿಕ್ಕಿತು, ಲಾಗಿನ್ ಪರದೆಯ ಪಠ್ಯಪೆಟ್ಟಿಗೆಯಲ್ಲಿ. ಲಾಗಿನ್ ಭಾಗವನ್ನು ಪ್ರತ್ಯೇಕ ಪ್ರೋಗ್ರಾಮ್ ಮಾಡಿ, ಟೋಕನ್ ಕೈಗೆ ಬಂದೊಡನೆ ಅದು ಮುಚ್ಚಿಕೊಳ್ಳುವಂತೆ ಬರೆಯುತ್ತಿದ್ದೇನೆ. ಕನ್ನಡ ಸಾಲುಗಳನ್ನು ನಾನೂ ಪೈಥಾನ್‌ನಲ್ಲಿ ಹೆಕ್ಕಿದೆ. ಗುಟ್ಟಿನ ಉತ್ತರ ಮೊದಲ ಇಪ್ಪತ್ತು ಸಾಲುಗಳಲ್ಲಿಯೇ ಇತ್ತು: ಗುಮಾಸ್ತರ ತಾಯಿಯ ತವರೂರು. ಆ ಪ್ರಶ್ನೆಯನ್ನೇ ತಂತ್ರಾಂಶದಿಂದ ತೆಗೆದುಹಾಕಿದೆ. ಉಳಿದ ಶಾಖೆಗಳಿಗೆ ಸೋಮವಾರ ಹೊರಡುತ್ತೇನೆ.